ಲಕ್ಷಾಂತರ ಫೋಟೋಗಳಲ್ಲಿ ಹುಡುಕಾಟ: ಹ್ಯಾಶ್, ಬಣ್ಣ, ಇಲ್ಲವೇ ಕ್ಲಿಪ್?

ರಾಶಿ ಫೋಟೋಗಳಿವೆ, ಟ್ಯಾಗ್ ಒಂದೂ ಇಲ್ಲ, ಒಂದೇ ತರಹದ ಫೋಟೋಗಳನ್ನು ಹುಡುಕಲು ಯಾವ ವಿಧಾನ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ಒಂದು ಪ್ರಶ್ನೆ: ‘ಒಂದೇ ತರಹ’ ಅಂದರೆ ನಿಮ್ಮ ಲೆಕ್ಕದಲ್ಲಿ ಏನು? ಎಲ್ಲವೂ ಇದರ ಮೇಲೇ ನಿಂತಿದೆ.

ಅದೇ ಫೋಟೋದ ಚಿಕ್ಕ ಪ್ರತಿ, ಮತ್ತೆ ಸೇವ್ ಮಾಡಿ ಮಸುಕಾದ ಪ್ರತಿ ಸಿಕ್ಕರೆ ಸಾಕು ಅಂದರೆ ಪರ್ಸೆಪ್ಚುವಲ್ ಹ್ಯಾಶ್, ಅಂದರೆ ಚಿತ್ರದ ನೋಟದಿಂದ ತಯಾರಾಗುವ ಪುಟ್ಟ ಗುರುತು ಸಂಖ್ಯೆ, ಸಾಕು. ಆದರೆ ಚಿತ್ರ ತಿರುಗಿಸಿದರೆ, ಜಾಸ್ತಿ ಕತ್ತರಿಸಿದರೆ ಅದು ಸೋಲುತ್ತದೆ. ಬಣ್ಣದ ಹಿಸ್ಟೋಗ್ರಾಮ್‌ಗೆ, ಅಂದರೆ ಚಿತ್ರದಲ್ಲಿ ಯಾವ ಬಣ್ಣ ಎಷ್ಟಿದೆ ಅನ್ನೋ ಲೆಕ್ಕಕ್ಕೆ, ತಿರುಗಿಸಿದರೂ ತೊಂದರೆಯಿಲ್ಲ. ಆದರೆ ಅದಕ್ಕೆ ಕೆಂಪು ಕಾರೂ ಒಂದೇ, ಕೆಂಪು ಹೂವೂ ಒಂದೇ. ಬಟ್ಟೆಯ ವಿನ್ಯಾಸದಂಥ, ಬಣ್ಣವೇ ಮುಖ್ಯವಾದ ಸಂಗ್ರಹಕ್ಕೆ ಮಾತ್ರ ಅದನ್ನು ಹೇಳುತ್ತೇನೆ.

2021ರಲ್ಲಿ ಓಪನ್‌ಎಐ ಹೊರತಂದ ಕ್ಲಿಪ್ (CLIP) ಅನ್ನೋ ಎಐ ಮಾಡೆಲ್, ಚಿತ್ರದಲ್ಲಿ ಏನಿದೆ ಅನ್ನೋದನ್ನೇ ಹಿಡಿಯುತ್ತದೆ. ‘ಮಳೆಯಲ್ಲಿ ಓಡುವ ನಾಯಿ’ ಅಂತ ಬರೆದೂ ಹುಡುಕಬಹುದು. ಇದು ನಿಜಕ್ಕೂ ಖುಷಿ ಕೊಡುವ ವಿಷಯ, ಅಲ್ವಾ? ಮೂಲ ಮಾಡೆಲ್‌ಗೆ ಇಂಗ್ಲಿಷಿನಲ್ಲೇ ಕೇಳಬೇಕು. ಕನ್ನಡಕ್ಕೆ ಬಹುಭಾಷಾ ಮಾಡೆಲ್ ಹುಡುಕಿ. ‘ಐದು ನಾಯಿ’ ಅಂತ ಎಣಿಕೆ ಕೇಳಿದರೆ ಎಡವುತ್ತದೆ.

ಜಾಗದ ಲೆಕ್ಕ: 64 ಬಿಟ್ ಹ್ಯಾಶ್ ಅಂದರೆ ಫೋಟೋಗೆ 8 ಬೈಟ್. 10 ಲಕ್ಷ ಫೋಟೋಗೆ ಬರೀ 8 ಎಂಬಿ. ಕ್ಲಿಪ್‌ನ ಚಿಕ್ಕ ಮಾಡೆಲ್ ಪ್ರತಿ ಫೋಟೋಗೆ ಅದರ ಸಾರ ಹಿಡಿದಿಡುವ 512 ಸಂಖ್ಯೆ ಕೊಡುತ್ತದೆ. ಅದು ಸುಮಾರು 2 ಕೆಬಿ, ಒಟ್ಟು 2 ಜಿಬಿ. ಮೊದಲ ಸಲ ಕ್ಲಿಪ್‌ಗೆ ಎಲ್ಲ ಫೋಟೋ ಓದಿಸುವಾಗ ಜಿಪಿಯು (ಗ್ರಾಫಿಕ್ಸ್ ಚಿಪ್) ಇಲ್ಲದಿದ್ದರೆ ತುಂಬಾ ಹೊತ್ತು ಹಿಡಿಯುತ್ತದೆ. ಆಮೇಲೆ ಫೈಸ್‌ (Faiss) ನಂಥ, ಹತ್ತಿರದ ಸಂಖ್ಯೆಗಳನ್ನು ಹುಡುಕುವ ಸಾಫ್ಟ್‌ವೇರ್ ಲೈಬ್ರರಿ ಹುಡುಕಾಟವನ್ನು ಬೇಗ ಮುಗಿಸುತ್ತದೆ.

ನಕಲು ಪ್ರತಿಗಳೂ ಜಾಸ್ತಿ ಇದ್ದು ಚಿತ್ರದಲ್ಲಿ ಏನಿದೆ ಅಂತಲೂ ಹುಡುಕಬೇಕಾದರೆ, ಮೊದಲು ಹ್ಯಾಶ್‌ನಿಂದ ನಕಲು ತೆಗೆದು, ಉಳಿದದ್ದನ್ನು ಕ್ಲಿಪ್‌ಗೆ ಕೊಡಿ.