ಲ್ಯಾಬ್ರಡಾರೋ, ಗೋಲ್ಡನ್ನೋ? ಎರಡನ್ನೂ ಸಾಕಿ ಕಂಡದ್ದು

ನನ್ನ ಎರಡು ನಾಯಿಗಳಲ್ಲಿ ಕರಿಯ ಎಂಬವನು ಲ್ಯಾಬ್ರಡಾರ್, ಹೊನ್ನಿ ಎಂಬವಳು ಗೋಲ್ಡನ್ ರಿಟ್ರೀವರ್. ಎರಡನ್ನೂ ಮರಿಯಿಂದಲೇ ಸಾಕಿದೆ. ಯಾವುದು ತರಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಎರಡೇ: ದಿನಾ ಬಾಚುವಷ್ಟು ಪುರುಸೊತ್ತು ಇದೆಯೇ? ನಾಯಿ ಎಷ್ಟು ಬೇಡಿದರೂ ಇನ್ನೊಂದು ತುತ್ತು ಹಾಕದೆ ಇರಬಲ್ಲಿರಾ?

ಹೊನ್ನಿಯ ಕಷ್ಟವೆಲ್ಲ ಕೂದಲಿನದು. ಎರಡು ದಿನ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು. ಒಮ್ಮೆ ಅಂಥದೊಂದನ್ನು ಬಿಡಿಸಿ ನೋಡಿದರೆ ಅಡಿಯ ಚರ್ಮ ಕೆಂಪಾಗಿ ಜಿನುಗುತ್ತಿತ್ತು. ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಸ್ನಾನವಾದ ಮೇಲೆ ಬುಡದ ತನಕ ಒಣಗಿಸಲೇಬೇಕು. ಸೆಕೆಗೆಂದು ಬೋಳಿಸಬೇಡಿ, ಆ ಎರಡು ಪದರದ ಕೂದಲೇ ಬಿಸಿಲನ್ನೂ ತಡೆಯುವುದು, ಬೋಳಿಸಿದರೆ ಮೊದಲಿನಂತೆ ಬೆಳೆಯದೆಯೂ ಹೋಗಬಹುದು.

ಕರಿಯನದು ಗಿಡ್ಡ ಕೂದಲು, ವಾರಕ್ಕೆರಡು ಸಲ ಬಾಚಿದರೆ ಸಾಕು. ಆದರೆ ಉದುರುವುದರಲ್ಲಿ ಏನೂ ಕಮ್ಮಿಯಿಲ್ಲ.

ಅವನ ಕಷ್ಟ ಹಸಿವು. ತಿಂದು ಮುಗಿಸಿ ಖಾಲಿ ತಟ್ಟೆಯನ್ನು ಮೂತಿಯಿಂದ ನನ್ನ ಕಾಲ ಬಳಿಗೆ ತಳ್ಳುತ್ತಿದ್ದ. ಪಾಪ ಎಂದು ಹಾಕಿ ಹಾಕಿ 39 ಕಿಲೋ ಆದ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನ್‌ನ ತುಣುಕು ಇಲ್ಲದಿರುವುದನ್ನು ಕಂಡುಕೊಂಡರು. ಅಂಥ ನಾಯಿಗೆ ತಿನ್ನುವ ಆಸೆ ಹೆಚ್ಚು. ಅದನ್ನು ಓದಿದ ಮೇಲೆ ಕರಿಯನನ್ನು ಹೊಟ್ಟೆಬಾಕ ಎನ್ನುವುದನ್ನು ಬಿಟ್ಟೆ, ತೂಗಿ ಹಾಕುವುದನ್ನು ಕಲಿತೆ. 32ಕ್ಕೆ ಇಳಿಯಲು ಎಂಟು ತಿಂಗಳು ಹಿಡಿಯಿತು. ಈಗ ಪಕ್ಕೆ ಸವರಿದರೆ ಎಲುಬು ಕೈಗೆ ಸಿಗುತ್ತದೆ, ಹಾಗೇ ಇರಬೇಕು.

ನೀರು ಕಂಡರೆ ಕರಿಯ ಯೋಚಿಸುವುದೇ ಇಲ್ಲ, ನೀರುನಾಯಿಯಂಥ ದಪ್ಪ ಬಾಲ ತಿರುಗಿಸುತ್ತಾ ಈಜುತ್ತಾನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ನಾಯಿಗಳ ವಂಶವಲ್ಲವೇ! ಗೋಲ್ಡನ್ ತಳಿ ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ, ಬೇಟೆಯ ಹಕ್ಕಿಯನ್ನು ಹಲ್ಲು ತಾಗದಂತೆ ತರಲೆಂದು. ಹೊನ್ನಿ ಒಮ್ಮೆ ಗೂಡಿನಿಂದ ಬಿದ್ದ ಮರಿಹಕ್ಕಿಯನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಜೊಲ್ಲಿನಿಂದ ಒದ್ದೆಯಾಗಿತ್ತು, ಒಂದು ಗೀರೂ ಇರಲಿಲ್ಲ.

ಎರಡಕ್ಕೂ ಜೋಲುಗಿವಿ, ಈಜಿದ ಮೇಲೆ ಒರೆಸದಿದ್ದರೆ ಸೋಂಕು. ಎರಡಕ್ಕೂ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರಬಹುದು, ಮರಿ ತರುವ ಮುನ್ನ ತಂದೆತಾಯಿಯ ಎಕ್ಸ್‌ರೇ ಕೇಳಿ. ಗೋಲ್ಡನ್‌ಗಳಲ್ಲಿ ಕ್ಯಾನ್ಸರ್ ಹೆಚ್ಚು, ಅದೊಂದು ಭಯ ನನಗೆ ಇದ್ದೇ ಇದೆ.

ಆದರೂ ಇನ್ನೊಂದು ಮರಿ ತರುವುದಾದರೆ ಗೋಲ್ಡನ್ನೇ. ಬಾಚುವ ಅರ್ಧ ಗಂಟೆ ಹೊನ್ನಿಗೂ ಇಷ್ಟ, ನನಗೂ ಇಷ್ಟ. ಕರಿಯನ ಖಾಲಿ ತಟ್ಟೆಯನ್ನು ಎತ್ತಿಡುವುದು ಮಾತ್ರ ಇಂದಿಗೂ ಕಷ್ಟವೇ.