ಬ್ಯಾಂಕಿನಲ್ಲಿ ‘ತಿಂಗಳಾ ತಿಂಗಳಾ ಡಿವಿಡೆಂಡ್’ ಅಂದರೆ ಸಹಿ ಹಾಕಬೇಡಿ

ನಿವೃತ್ತಿಯ ದುಡ್ಡು ಈಗಷ್ಟೇ ಕೈಗೆ ಬಂದವರು, ಅಪ್ಪ ಅಮ್ಮನ ಉಳಿತಾಯ ನೋಡಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. ಮ್ಯೂಚುವಲ್ ಫಂಡ್ ಕೊಡುವ ಡಿವಿಡೆಂಡ್ ಬಡ್ಡಿ ಅಲ್ಲ. ಅಲ್ಲವೇ ಅಲ್ಲ. ಅದನ್ನು ಬಡ್ಡಿ ಅಂತ ನಂಬಿಸಿ, ದಾವಣಗೆರೆಯಲ್ಲಿರುವ ನಮ್ಮ ಸೋದರಮಾವನ 20 ಲಕ್ಷ ರೂಪಾಯಿಯನ್ನು ಅವರ ಪಿಂಚಣಿ ಬರುವ ಬ್ಯಾಂಕಿನವರೇ ಫಂಡಿಗೆ ಹಾಕಿಸಿದ್ದಾರೆ. ‘ಯಾರ ಹತ್ರಾನೂ ಹೇಳಬೇಡ, ಮರ್ಯಾದೆ ಹೋಗುತ್ತೆ’ ಅಂತಿದ್ದರು ಮಾವ. ಮರ್ಯಾದೆ ಹೋಗಬೇಕಾದ್ದು ಮಾರಿದವರದು. ಮಾವನನ್ನು ಒಪ್ಪಿಸಿಯೇ ಬರೀತಿದೀನಿ, ಹೆಸರುಗಳನ್ನು ಬಿಟ್ಟು.

2024ರ ಆಗಸ್ಟ್. ಎಫ್‌ಡಿ ಮಾಡಿಸೋಕೆ ಅಂತ ಹೋದ ಮಾವನನ್ನು ಕೌಂಟರಿನ ಸಾಲಿನಿಂದ ರಿಲೇಶನ್‌ಶಿಪ್ ಮ್ಯಾನೇಜರ್ (ಆರ್‌ಎಂ) ಕ್ಯಾಬಿನ್‌ಗೆ ಕರೆದುಕೊಂಡು ಹೋಗಿ ಕೂರಿಸಿದ್ದಾರೆ. ‘ಅಂಕಲ್, ಎಫ್‌ಡಿಯಲ್ಲಿ ಏಳು ಪರ್ಸೆಂಟ್ ಸಿಗುತ್ತೆ ಅಷ್ಟೆ. ಇದರಲ್ಲಿ ಒಂಬತ್ತೂವರೆ ಮೇಲೆ. ತಿಂಗಳಿಗೆ 16 ಸಾವಿರ ಸೀದಾ ಅಕೌಂಟಿಗೆ ಬೀಳುತ್ತೆ, ಅಸಲು ಹಾಗೇ ಇರುತ್ತೆ. ನಿಮ್ಮ ಮಗನ ಥರ ಹೇಳ್ತಿದೀನಿ.’ ಅಸಲು ಹಾಗೇ ಇರುತ್ತೆ. ಈ ಮಾತನ್ನ ನೆನಪಿಟ್ಟುಕೊಳ್ಳಿ.

ಮಾರಿದ್ದು ಏನು ಗೊತ್ತಾ? ಅಗ್ರೆಸಿವ್ ಹೈಬ್ರಿಡ್ ಫಂಡ್. ಅಂದರೆ ಹಾಕಿದ ಹಣದಲ್ಲಿ 65ರಿಂದ 80 ಶೇಕಡಾ ಷೇರಿಗೆ ಹೋಗುತ್ತೆ. ಅದೂ ರೆಗ್ಯುಲರ್ ಪ್ಲಾನ್ (ಮಾರಿದವರಿಗೆ ಕಮಿಷನ್ ಹೋಗೋದು), ತಿಂಗಳ ಐಡಿಸಿಡಬ್ಲ್ಯೂ ಪೇಔಟ್ (ಮೊದಲು ಡಿವಿಡೆಂಡ್ ಆಪ್ಷನ್ ಅಂತಿದ್ದದ್ದು). ಫಂಡಿನ ಅಪಾಯ ಎಷ್ಟು ಅಂತ ತೋರಿಸೋ ರಿಸ್ಕೋಮೀಟರಿನ ಮುಳ್ಳು ‘ಅತಿ ಹೆಚ್ಚು’ ಅನ್ನೋ ಕಡೆ ಇದೆ. 60 ವರ್ಷದ ಮನುಷ್ಯನ ರಿಸ್ಕ್ ಪ್ರೊಫೈಲ್ ಫಾರಂನಲ್ಲಿ ‘ಅಗ್ರೆಸಿವ್’ ಅಂತ ಟಿಕ್ ಆಗಿದೆ, ‘ಏಳು ವರ್ಷಕ್ಕಿಂತ ಹೆಚ್ಚು ಕಾಲ ಹಣ ಬೇಕಿಲ್ಲ’ ಅಂತ ಇನ್ನೊಂದು ಟಿಕ್. ಮಾವನಿಗೆ ಆ ಪ್ರಶ್ನೆ ಯಾರೂ ಕೇಳಿಲ್ಲ. ಫೋನಿಗೆ ಬಂದ ಓಟಿಪಿ ಹೇಳಿ ಅಂದಿದ್ದಾರೆ, ಹೇಳಿದ್ದಾರೆ, ಮುಗೀತು.

ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ, 25 ರೂಪಾಯಿ ಇದ್ದ ದಿನ 79,996 ಯೂನಿಟ್ ಬಂದವು. ತಿಂಗಳಿಗೆ ಯೂನಿಟ್ಟಿಗೆ 20 ಪೈಸೆ ಲೆಕ್ಕದಲ್ಲಿ 16 ಸಾವಿರ ಸರಿಯೇ. ಆದರೆ ಮೊದಲ ತಿಂಗಳು ಅಕೌಂಟಿಗೆ ಬಿದ್ದದ್ದು 14,400 ಮಾತ್ರ. ಮಾವ ಕೇಳಿದ್ದಕ್ಕೆ ಉತ್ತರ: ‘ಅದು ಟಿಡಿಎಸ್ ಅಂಕಲ್, ಮಾಮೂಲಿ, ವಾಪಸ್ ಬರುತ್ತೆ.’ ಮಾವನ ಪಿಂಚಣಿ, ಇದು ಎರಡೂ ಸೇರಿಸಿದರೂ ಅವರಿಗೆ ತೆರಿಗೆ ಬರೋದಿಲ್ಲ. ‘ನನಗೆ ತೆರಿಗೆ ಬರೋದಿಲ್ಲ’ ಅಂತ ಹಿರಿಯ ನಾಗರಿಕರು ಕೊಡುವ ಫಾರಂ 15ಎಚ್ ಒಂದು ಕೊಟ್ಟಿದ್ದರೆ ಈ 10 ಶೇಕಡಾ ತೆರಿಗೆ ಕಡಿತವೇ ಆಗುತ್ತಿರಲಿಲ್ಲ. ಹಾಕಿಸೋ ದಿನ ಅಷ್ಟು ಫಾರಂಗೆ ಸಹಿ ತಗೊಂಡವರಿಗೆ ಅದೊಂದು ಮಾತ್ರ ನೆನಪಾಗಲಿಲ್ಲ.

ಹನ್ನೆರಡು ತಿಂಗಳು ಹೀಗೇ ನಡೀತು. ಹದಿಮೂರನೇ ತಿಂಗಳು 20 ಪೈಸೆ 16 ಪೈಸೆ ಆಯ್ತು. ಆಗ ಮಾವ ಸ್ಟೇಟ್‌ಮೆಂಟ್ ತಂದು ನನ್ನ ಮುಂದಿಟ್ಟರು.

ರೆಕಾರ್ಡ್ ಡೇಟ್ (ಡಿವಿಡೆಂಡ್ ಯಾರಿಗೆ ಅಂತ ಗೊತ್ತುಮಾಡೋ ದಿನ) ಹಿಂದಿನ ದಿನ ಎನ್‌ಎವಿ 24.62. ಡಿವಿಡೆಂಡ್ ಕೊಟ್ಟ ಮೇಲೆ 24.42. ಅವತ್ತು ಮಾರುಕಟ್ಟೆ ಅಲ್ಲಾಡಿಯೇ ಇರಲಿಲ್ಲ. 20 ಪೈಸೆ ಕೊಟ್ಟರು, 20 ಪೈಸೆ ಇಳೀತು. ಮುಂದಿನ ತಿಂಗಳು ಮತ್ತೆ ಅದೇ. ಅದರ ಮುಂದಿನ ತಿಂಗಳು ಮತ್ತೆ ಅದೇ. ಪ್ರತಿ ತಿಂಗಳ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಮಾವ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು ‘ಹಂಗಾದ್ರೆ ಇಷ್ಟು ದಿನ ನಂದೇ ದುಡ್ಡು ನನಗೆ ಕೊಟ್ರಾ?’ ಅಂದರು. ಹೌದು. ಅದೇ ಆಗಿದ್ದು.

ಕೆಲವರು ‘ಫಂಡ್ ಲಾಭದಿಂದ ತಾನೇ ಕೊಡೋದು’ ಅಂತ ವಾದ ಮಾಡ್ತಾರೆ. ಕೇಳಿ. ಫಂಡು ಹಿಂದಿನ ವರ್ಷಗಳಲ್ಲಿ ಮಾಡಿದ ಲಾಭ ಎನ್‌ಎವಿ ಒಳಗೇ ಸೇರಿರುತ್ತೆ. ನೀವು 25 ರೂಪಾಯಿ ಕೊಟ್ಟು ಯೂನಿಟ್ ಕೊಂಡ ದಿನ ಆ ಹಳೇ ಲಾಭಕ್ಕೂ ನೀವೇ ಬೆಲೆ ಕಟ್ಟಿರುತ್ತೀರಿ. ಅದನ್ನೇ ಮುಂದಿನ ತಿಂಗಳು ತೆಗೆದು ಹಂಚುತ್ತಾರೆ. ಫಂಡಿಗೆ ಅದು ಲಾಭ, ನಿಮಗೆ ಅಸಲು. ಇದೇ ಕಾರಣಕ್ಕೆ ಫಂಡುಗಳ ಮೇಲೆ ನಿಗಾ ಇಡೋ ಸೆಬಿ 2021ರ ಏಪ್ರಿಲ್ 1ರಿಂದ ‘ಡಿವಿಡೆಂಡ್ ಆಪ್ಷನ್’ ಅನ್ನೋ ಹೆಸರನ್ನೇ ತೆಗೆಸಿ ‘ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾಯಲ್’ ಅಂತ ಮಾಡಿಸಿದ್ದು. ಅಸಲು ವಾಪಸ್ ಬರ್ತಿದೆ ಅಂತ ಹೆಸರಲ್ಲೇ ಇದೆ. ಅದನ್ನ ಐಡಿಸಿಡಬ್ಲ್ಯೂ ಅಂತ ನಾಲ್ಕಕ್ಷರ ಮಾಡಿ ಓದಿ, ‘ಡಿವಿಡೆಂಡಿಗೆ ಹೊಸ ಹೆಸರು ಅಷ್ಟೆ’ ಅಂತ ಮಾವನಿಗೆ ಹೇಳಿದ್ದಾರೆ.

ಲೆಕ್ಕ ನೋಡಿ. ಹದಿಮೂರು ತಿಂಗಳಲ್ಲಿ ಕೊಟ್ಟದ್ದು ಒಟ್ಟು 2,04,800 ರೂಪಾಯಿ, ಅದರಲ್ಲಿ ಟಿಡಿಎಸ್ ಕಳೆದೇ ಕೈಗೆ ಬಂದದ್ದು. ಎನ್‌ಎವಿ 22.90ಕ್ಕೆ ಬಂದು ನಿಂತಿದೆ, ಅಂದರೆ ಅಸಲು 18.32 ಲಕ್ಷ. 1.68 ಲಕ್ಷ ಕರಗಿದೆ. ನಿಜವಾದ ಗಳಿಕೆ 37 ಸಾವಿರ. ಅದೇ 20 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8.2 ಶೇಕಡಾಕ್ಕೆ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 41 ಸಾವಿರ, ವರ್ಷಕ್ಕೆ 1.64 ಲಕ್ಷ, ಅಸಲು ಒಂದು ಪೈಸೆ ಕಡಿಮೆ ಆಗದೆ. ಅದೇ ಬ್ಯಾಂಕಿನಲ್ಲೂ ಆ ಖಾತೆ ತೆರೆಯಬಹುದಿತ್ತು!

ಇನ್ನೂ ಹೊಟ್ಟೆ ಉರಿಸೋದು ತೆರಿಗೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪೂರ್ತಿ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಗಳಿಸಿದ್ದು 37 ಸಾವಿರ, ಆದಾಯ ಅಂತ ತೋರಿಸಬೇಕಾದ್ದು 2,04,800. ಯೂನಿಟ್ ಮಾರಿದರೆ ಆಗುವ 1.68 ಲಕ್ಷದ ನಷ್ಟವನ್ನು ಈ ಡಿವಿಡೆಂಡ್ ಎದುರು ವಜಾ ಮಾಡೋಕೂ ಬರೋದಿಲ್ಲ, ಅದು ಬಂಡವಾಳ ಲಾಭದ ಎದುರು ಮಾತ್ರ. ಮಾವನಿಗೆ ತೆರಿಗೆ ಇಲ್ಲ ಅನ್ನೋದೊಂದೇ ಸಮಾಧಾನ. 30 ಶೇಕಡಾ ಸ್ಲ್ಯಾಬಿನವರಾಗಿದ್ದರೆ ತಮ್ಮದೇ ಅಸಲಿಗೆ ತೆರಿಗೆ ಕಟ್ಟಬೇಕಿತ್ತು.

ಇಷ್ಟು ಬರೆದುಕೊಂಡು ಶಾಖೆಗೆ ಹೋದಾಗ ಬಂದ ಉತ್ತರಗಳು. ಒಂದೊಂದೂ ಓದಿ.

‘ಮ್ಯೂಚುವಲ್ ಫಂಡ್ ಅಂದ್ಮೇಲೆ ಮಾರ್ಕೆಟ್ ರಿಸ್ಕ್ ಇರುತ್ತಲ್ಲ ಸರ್.’ ಹಾಕಿಸೋವಾಗ ಈ ಮಾತು ಎಲ್ಲಿತ್ತು?

‘ಅವರೇ ಸಹಿ ಹಾಕಿದ್ದಾರೆ, ಓಟಿಪಿ ಕೊಟ್ಟಿದ್ದಾರೆ.’

‘ಆ ಆರ್‌ಎಂ ಈಗ ಈ ಬ್ರಾಂಚಲ್ಲಿ ಇಲ್ಲ.’

‘ಡಿವಿಡೆಂಡ್ ಕಡಿಮೆ ಮಾಡಿದ್ದು ಫಂಡ್ ಕಂಪನಿ, ನಾವಲ್ಲ.’ ಇದು ನಿಜ. ಐಡಿಸಿಡಬ್ಲ್ಯೂನಲ್ಲಿ ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಲ್ಲಾ ಕಂಪನಿಯ ಇಷ್ಟ. ಹಾಗಿದ್ದ ಮೇಲೆ ‘ತಿಂಗಳಿಗೆ 16 ಸಾವಿರ’ ಅಂತ ಬರೆದುಕೊಟ್ಟದ್ದು ಯಾವ ಧೈರ್ಯದ ಮೇಲೆ?

ಕೊನೆಗೆ ಮ್ಯಾನೇಜರ್ ಹೇಳಿದ್ದು: ‘ಬೇಜಾರಾಗಬೇಡಿ, ಒಳ್ಳೇ ಡಿವಿಡೆಂಡ್ ಷೇರು ಕೊಡಿಸ್ತೀವಿ, 500 ಪರ್ಸೆಂಟ್ ಡಿವಿಡೆಂಡ್ ಕೊಟ್ಟಿರೋ ಕಂಪನಿ.’ ನನಗೆ ಮೈ ಉರಿದುಹೋಯ್ತು. ಆ ಶೇಕಡಾವಾರು ಮುಖಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿ ಆದರೆ 500 ಪರ್ಸೆಂಟ್ ಅಂದರೆ 5 ರೂಪಾಯಿ. ಷೇರಿನ ಬೆಲೆ 1,000 ಇದ್ದರೆ ನಿಮಗೆ ಸಿಗೋದು ಅರ್ಧ ಶೇಕಡಾ. ಕಳೆದ ವರ್ಷದ ಡಿವಿಡೆಂಡ್ ನೋಡಿ ಕೊಳ್ಳೋದೂ ಅಪಾಯ: ವೇದಾಂತ ಕಂಪನಿ 2022-23ರಲ್ಲಿ ಷೇರಿಗೆ 101.50 ರೂಪಾಯಿ ಕೊಟ್ಟಿತ್ತು, ಮರುವರ್ಷ 29.50. ಹಳೇ ಅಂಕಿ ನಂಬಿ ತಿಂಗಳ ಖರ್ಚಿಗೆ ಲೆಕ್ಕ ಹಾಕಿದವರ ಗತಿ ಏನು?

ಬ್ಯಾಂಕಿನವರು ಯಾಕೆ ಇಷ್ಟು ಹಟ ಹಿಡೀತಾರೆ ಅಂತ ಗೊತ್ತಾಗಬೇಕಾದರೆ ನಿಮ್ಮ ಎಲ್ಲಾ ಫಂಡುಗಳ ಲೆಕ್ಕ ಒಟ್ಟಿಗೆ ಬರೋ ಅರ್ಧ ವರ್ಷದ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್ ತೆಗೀರಿ. ವಿತರಕರಿಗೆ ಹೋದ ಕಮಿಷನ್ ಅದರಲ್ಲಿ ರೂಪಾಯಿ ಲೆಕ್ಕದಲ್ಲಿ ಇರುತ್ತೆ. ಮಾವನ ಆರು ತಿಂಗಳದ್ದು 9 ಸಾವಿರ ಚಿಲ್ಲರೆ. ಹಣ ಫಂಡಿನಲ್ಲಿ ಇರೋವರೆಗೂ ಇದು ಹೋಗ್ತಾನೇ ಇರುತ್ತೆ. ಅದೇ ಸ್ಟೇಟ್‌ಮೆಂಟಿನಲ್ಲಿ ಬಂದ ಹಣದಲ್ಲಿ ಆದಾಯ ಎಷ್ಟು, ಅಸಲು ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು. ಆ ಸಾಲು ಹುಡುಕಿ.

ತಿಂಗಳ ಖರ್ಚಿಗೇ ಹಣ ಬೇಕು ಅನ್ನೋರು ಮೊದಲು ಹಿರಿಯ ನಾಗರಿಕರ ಯೋಜನೆ ತುಂಬಿಸಿ, ಒಬ್ಬರಿಗೆ 30 ಲಕ್ಷದವರೆಗೆ ಆಗುತ್ತೆ. ಪ್ರತಿ ತಿಂಗಳೇ ಬೇಕಿದ್ದರೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ: 7.4 ಶೇಕಡಾ, 9 ಲಕ್ಷಕ್ಕೆ 5,550 ರೂಪಾಯಿ, ಜಂಟಿಯಾದರೆ 15 ಲಕ್ಷದವರೆಗೆ. ಬಡ್ಡಿ ದರ ಆಗಾಗ ಬದಲಾಗುತ್ತೆ, ಇಡೋ ದಿನದ್ದು ವಿಚಾರಿಸಿ. ಫಂಡೇ ಬೇಕು ಅನ್ನೋರು ಡೈರೆಕ್ಟ್ ಪ್ಲಾನ್ (ಕಮಿಷನ್ ಇಲ್ಲದ್ದು), ಗ್ರೋತ್ ಆಪ್ಷನ್ (ಡಿವಿಡೆಂಡ್ ಹಂಚದ್ದು) ತಗೊಂಡು, ಒಂದು ವರ್ಷ ಬಿಟ್ಟು ಎಕ್ಸಿಟ್ ಲೋಡ್ (ಬೇಗ ಹಣ ತೆಗೆದರೆ ಹಿಡಿಯೋ ಶುಲ್ಕ) ಹೋದ ಮೇಲೆ ಎಸ್‌ಡಬ್ಲ್ಯೂಪಿ (ತಿಂಗಳಿಗೆ ಇಷ್ಟು ಅಂತ ಯೂನಿಟ್ ಮಾರಿ ಹಣ ತೆಗೆಯೋದು) ಹಾಕಿ. ಎಷ್ಟು ಅಂತ ನೀವು ತೀರ್ಮಾನ ಮಾಡ್ತೀರಿ, ತೆರಿಗೆ ಲಾಭದ ಭಾಗಕ್ಕೆ ಮಾತ್ರ. ಅಲ್ಲೂ ವರ್ಷಕ್ಕೆ ಹತ್ತು ಶೇಕಡಾ ತೆಗೀತಾ ಹೋದರೆ, ಫಂಡ್ ಅಷ್ಟು ಗಳಿಸದಿದ್ದಾಗ ಅಸಲು ಕರಗುತ್ತೆ.

ಯಾರಾದರೂ ‘ಅಸಲು ಹಾಗೇ ಇರುತ್ತೆ’ ಅಂದರೆ ಆ ಮಾತನ್ನು ಬ್ಯಾಂಕಿನ ಇಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಅಷ್ಟಕ್ಕೇ ಅರ್ಧ ಜನ ಸುಮ್ಮನಾಗ್ತಾರೆ. ಮಾವನ ಅದೃಷ್ಟಕ್ಕೆ ಆ ಆರ್‌ಎಂ ‘ತಿಂಗಳಿಗೆ 16,000 – ಅಸಲು ಸೇಫ್’ ಅಂತ ಬ್ಯಾಂಕಿನ ಚೀಟಿ ಮೇಲೆ ತನ್ನ ಕೈಯಲ್ಲೇ ಬರೆದಿದ್ದರು. ಪಾಸ್‌ಬುಕ್ಕಿನ ಕವರಿನಲ್ಲಿ ಸಿಕ್ಕಿತು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದು, ಬಂದ ಉತ್ತರ ಸರಿಯಿಲ್ಲದ್ದಕ್ಕೆ ಆ ಚೀಟಿಯ ಫೋಟೋ ಸಮೇತ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹಾಕಿದ್ದೇವೆ. ಆರ್‌ಬಿಐ ಸಹಾಯವಾಣಿ 14448. ಫಂಡ್ ಕಂಪನಿ ಮೇಲಿನ ದೂರು ಇದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ಹಾಕಬೇಕು, ಅವರು 21 ದಿನದೊಳಗೆ ಉತ್ತರ ಕೊಡಬೇಕು.

ದೂರು ಹೋದ ಮೇಲೆ ಮ್ಯಾನೇಜರ್ ಫೋನ್ ಮಾಡಿ ‘ಮಾತಾಡಿ ಬಗೆಹರಿಸೋಣ, ಕಂಪ್ಲೇಂಟ್ ವಾಪಸ್ ತಗೊಳ್ಳಿ ಸರ್’ ಅಂತಿದ್ದಾರೆ. ಏನು ಕೊಡ್ತೀರೋ ಬರೆದುಕೊಡಿ ಅಂದಿದ್ದೇವೆ. ಇನ್ನೂ ಬರೆದುಕೊಟ್ಟಿಲ್ಲ.