2 ಇಂಚಿನ ಲೆವೆಲಿಂಗ್ ಕಿಟ್, 265/70 ಟೈರ್: ಒಂದು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪಿಕಪ್‌ನ ತಗ್ಗಿದ ಮೂತಿ ಎತ್ತಿ ಹಿಂಭಾಗಕ್ಕೆ ಸಮ ಮಾಡುವ ಈ ಕಿಟ್ ಕೆಟ್ಟದ್ದಲ್ಲ. ಅಲ್ಯೂಮಿನಿಯಂ ಸ್ಪೇಸರ್‌ಗಳು (ಎತ್ತರ ಕೊಡುವ ದಪ್ಪ ಬಿಲ್ಲೆಗಳು) ಗಟ್ಟಿಯಾಗಿವೆ, ಬೋಲ್ಟ್ ತೂತುಗಳು ಸರಿಯಾಗಿ ಕೂತವು, ಒಂದು ವರ್ಷದಲ್ಲಿ ಒಂದು ನಟ್ ಕೂಡ ಸಡಿಲ ಆಗಿಲ್ಲ. ಆದರೂ 2 ಇಂಚಿನದ್ದನ್ನು ತೆಗೆದು ಈಗ 1 ಇಂಚಿನದ್ದು ಹಾಕಿಸಿದ್ದೇನೆ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ನಾನು ಅಳತೆ ಮಾಡದೆ ಕಿಟ್ ತಂದೆ, ನೀವು ಹಾಗೆ ಮಾಡಬೇಡಿ.

ನನ್ನದು ಮುಂದೆ ಸ್ಟ್ರಟ್ (ಕಂಬದಂಥ ಶಾಕ್ ಅಬ್ಸಾರ್ಬರ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನು ಪ್ಲೇಟ್ ಇರುವ ಫೋರ್ ವೀಲ್ ಡ್ರೈವ್ ಪಿಕಪ್. ಕಂಪನಿಯಿಂದ ಬಂದ ಟೈರ್ 265/65ಆರ್17. ಖಾಲಿ ನಿಂತಾಗ ಹಿಂಭಾಗ ಎತ್ತರ, ಮೂತಿ ತಗ್ಗು. ಇದು ತಯಾರಕರ ತಪ್ಪಲ್ಲ. ಹಿಂದೆ ಲೋಡ್ ಬಿದ್ದಾಗ ಕಮಾನು ಕೆಳಗೆ ಕೂರುತ್ತದೆ, ಆಗ ಗಾಡಿ ಸಮ ಆಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಆದರೆ ಗಾಡಿ ದಿನಾ ಖಾಲಿಯೇ ಓಡಾಡುವಾಗ ಮೂಗು ನೆಲಕ್ಕೆ ಹಾಕಿಕೊಂಡಂತೆ ಕಾಣುವುದು ಕಣ್ಣಿಗೆ ಹಿಡಿಸುವುದಿಲ್ಲ ಅಲ್ವಾ. ನನಗೂ ಅದೇ.

ಡಬ್ಬಿ ತೆಗೆದಾಗ ಮೊದಲು ಗಾಬರಿ ಆಯಿತು. 2 ಇಂಚಿನ ಕಿಟ್ ಅಂತ ಬರೆದಿದೆ, ಸ್ಪೇಸರ್ ನೋಡಿದರೆ 1 ಇಂಚಿಗಿಂತ ಚೂರು ಜಾಸ್ತಿ ದಪ್ಪ ಅಷ್ಟೇ. ಮೋಸ ಏನಿಲ್ಲ. ಸ್ಟ್ರಟ್ ಕೂರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುಭಾಗದಲ್ಲಿ, ಚಕ್ರ ಇರುವುದು ಅದರ ತುದಿಯಲ್ಲಿ. ನಡುವೆ 1 ಇಂಚು ತಳ್ಳಿದರೆ ತುದಿಯಲ್ಲಿ ಸುಮಾರು 2 ಇಂಚು ಆಗುತ್ತದೆ.

ಇದು ಸ್ಟ್ರಟ್ ಮೇಲೆ ಕೂರಿಸುವ ಜಾತಿಯ ಸ್ಪೇಸರ್. ಸ್ಪ್ರಿಂಗ್ ಬಿಚ್ಚಬೇಕಾಗಿಲ್ಲ, ಸ್ಟ್ರಟ್ ಮೇಲ್ಭಾಗದ ಸುತ್ತಲಿನ ನಟ್‌ಗಳನ್ನು ತೆಗೆದು ಅಲ್ಲಿ ಕೂರಿಸುತ್ತಾರೆ. ನಡುವಿನ ದೊಡ್ಡ ನಟ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ಇನ್ನೊಂದು ಜಾತಿ ಇದೆ, ಸ್ಪ್ರಿಂಗ್ ಒಳಗಡೆಯೇ ಇಟ್ಟು ಅದನ್ನು ಇನ್ನಷ್ಟು ಒತ್ತುವಂಥದ್ದು. ಅದರಲ್ಲಿ ಸ್ಟ್ರಟ್ ಮೊದಲೇ ಉದ್ದಕ್ಕೆ ಎಳೆದುಕೊಂಡು ನಿಂತಿರುತ್ತದೆ, ಚಕ್ರ ಗುಂಡಿಗೆ ಇಳಿದಾಗ ಟಕ್ ಅಂತ ಕೊನೆ ಮುಟ್ಟುತ್ತದೆ. ನನ್ನದರಲ್ಲಿ ಆ ತೊಂದರೆ ಬರಲಿಲ್ಲ. ಸವಾರಿ ಮೊದಲಿನಷ್ಟೇ ಮೆತ್ತಗಿದೆ. ಆದರೆ ಇದಕ್ಕೂ ಒಂದು ಮಿತಿ ಇದೆ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಮೊದಲಿಗಿಂತ 2 ಇಂಚು ಕೆಳಗೆ ಹೋಗುತ್ತದೆ, ಬಾಲ್ ಜಾಯಿಂಟ್ ಮತ್ತು ಆಕ್ಸಲ್ ಜಾಯಿಂಟ್ ಅಷ್ಟು ಜಾಸ್ತಿ ವಾಲುತ್ತವೆ. ಎತ್ತರ ಹೆಚ್ಚಿದಷ್ಟೂ ಅವುಗಳ ಸವೆತ ಹೆಚ್ಚು. ಇನ್ನೂ ಎತ್ತರ ಬೇಕು ಅನ್ನುವವರು ಮೇಲಿನ ಆರ್ಮ್ ಕೂಡ ಬದಲಿಸಬೇಕಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಿಟ್ ಹಾಕಿಸಿದ ಮೇಲೆ ಟೇಪ್ ಹಿಡಿದು ನೋಡಿದೆ, ಮೂತಿ ಹಿಂಭಾಗಕ್ಕಿಂತ ಎತ್ತರ ನಿಂತಿದೆ! ಹಳೆಯ ಫೋಟೋಗಳಲ್ಲಿ ಮಡ್‌ಗಾರ್ಡ್ ಅಂಚು ನೋಡಿ ಸುಮ್ನೆ ಅಂದಾಜು ಮಾಡಿದ್ದೆ. ಹಿಂದಿನ ಅಂಚು ಮತ್ತು ಮುಂದಿನ ಅಂಚು ಒಂದೇ ಎತ್ತರಕ್ಕೆ ಕತ್ತರಿಸಿರಬೇಕು ಅಂತೇನಿಲ್ಲ. ಗಾಡಿ ಸಮ ಇದೆಯೋ ಇಲ್ಲವೋ ತಿಳಿಯಬೇಕಾದರೆ ಬಾಗಿಲ ಕೆಳಗಿನ ಪಟ್ಟಿ ಅಥವಾ ಚಾಸಿಯನ್ನು ನೆಲದಿಂದ ಎರಡು ಕಡೆ ಅಳೆಯಬೇಕು. ಎಷ್ಟು ಎದ್ದಿತು ಅಂತ ತಿಳಿಯಬೇಕಾದರೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಬೇಕು, ಆಗ ಟೈರ್ ಸೈಜ್ ಲೆಕ್ಕಕ್ಕೆ ಬರುವುದಿಲ್ಲ. ನೆಲ ಸಪಾಟಾಗಿರಲಿ, ನಾಲ್ಕೂ ಮೂಲೆ ಅಳೆಯಿರಿ, ಎಡ ಬಲ ಎರಡೂ.

ಖಾಲಿ ಗಾಡಿಯಲ್ಲಿ ಹೇಗೋ ನಡೆಯಿತು. ಲೋಡ್ ಹಾಕಿದ ದಿನ ಗೊತ್ತಾಯಿತು. ಹಿಂಭಾಗ ಕೂತಿತು, ಮೂತಿ ಆಕಾಶ ನೋಡಿತು, ಸ್ಟೀರಿಂಗ್ ಹಗುರ ಆಗಿ ಗಾಡಿ ಅತ್ತಿತ್ತ ಅಲೆಯತೊಡಗಿತು. ಎದುರಿನಿಂದ ಬಂದವರೆಲ್ಲ ಲೈಟ್ ಮಿಟುಕಿಸಿದರು. ಲೆಕ್ಕ ಹಾಕಿ ನೋಡಿ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 3 ಮೀಟರ್ ಇರುವ ಗಾಡಿಯ ಮುಂಭಾಗ 5 ಸೆಂ.ಮೀ. ಎದ್ದರೆ, 30 ಮೀಟರ್ ದೂರದಲ್ಲಿ ಬೆಳಕು ಅರ್ಧ ಮೀಟರ್ ಮೇಲಕ್ಕೆ ಹೋಗುತ್ತದೆ. ನಿಮ್ಮ ಗಾಡಿ ಚೆಂದ ಕಾಣಲಿ ಅಂತ ಎದುರಿನವರ ಕಣ್ಣು ಕುಕ್ಕುವುದು ನ್ಯಾಯ ಅಲ್ಲ. ಹೆಡ್‌ಲೈಟ್ ಹೊಂದಿಸದೆ ರಾತ್ರಿ ಗಾಡಿ ಹೊರಗೆ ತೆಗೆಯಬೇಡಿ.

ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು ಕೂಡ ಅಷ್ಟೇ ಮುಖ್ಯ. ಮುಂಭಾಗ ಎತ್ತಿದರೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಬದಲಾಗುತ್ತವೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಇಳಿಯುತ್ತದೆ. ಕ್ಯಾಸ್ಟರ್ ಇಳಿದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದು ಕಡಿಮೆ ಆಗುತ್ತದೆ. 2 ಇಂಚಿನಲ್ಲಿ ನನ್ನ ಗಾಡಿಯ ಹೊಂದಾಣಿಕೆ ಬೋಲ್ಟ್‌ಗಳು ಕೊನೆಯ ಅಂಚಿಗೆ ಹೋಗಿ ನಿಂತಿದ್ದವು. 1 ಇಂಚಿಗೆ ಇಳಿಸಿದ ಮೇಲೆ ನಡುವಿಗೆ ಬಂದಿವೆ, ಗಾಡಿ ಮತ್ತೆ ನೆಟ್ಟಗೆ ಓಡುತ್ತಿದೆ. ಈಗ ಹಿಂಭಾಗ ಒಂದು ಬೆರಳಿನಷ್ಟು ಎತ್ತರ ಇದೆ. ನನಗೆ ಇದೇ ಸರಿ ಅನಿಸುತ್ತದೆ, ನೋಡಲಿಕ್ಕೂ ಓಡಿಸಲಿಕ್ಕೂ.

ಇನ್ನು ಟೈರ್. ಮನಸ್ಸು ಇದ್ದದ್ದು 285/70ಆರ್17 ಮೇಲೆ. ಪೆನ್ನು ಹಿಡಿದು ಕೂತೆ. 265/65 ಅಂದರೆ ಅಗಲ 265 ಮಿ.ಮೀ., ಗೋಡೆಯ ಎತ್ತರ ಅದರ ನೂರಕ್ಕೆ 65. ಎರಡು ಗೋಡೆ, ಜೊತೆಗೆ 17 ಇಂಚಿನ ರಿಮ್, ಒಟ್ಟು ಎತ್ತರ 776 ಮಿ.ಮೀ. ಹಾಗೆಯೇ 265/70 ಆದರೆ 803, 285/70 ಆದರೆ 831. ನೆಲದಿಂದ ಸಿಗುವ ಎತ್ತರದ ಲಾಭ ಹಳೆಯ ಟೈರ್‌ಗಿಂತ ಇರುವ ವ್ಯತ್ಯಾಸದ ಅರ್ಧ ಮಾತ್ರ, 13 ಮಿ.ಮೀ. ಒಂದರಲ್ಲಿ, 27 ಇನ್ನೊಂದರಲ್ಲಿ. ಕಿಟ್ ಹಾಕಿದರೆ ಹಿಂದಿನ ಆಕ್ಸಲ್ ಕೆಳಗಿನ ಜಾಗ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ, ಅದು ಟೈರ್‌ನಿಂದ ಮಾತ್ರ ಸಾಧ್ಯ. ಎಷ್ಟೋ ಜನ ಇದನ್ನು ಮರೆಯುತ್ತಾರೆ.

285 ಹಾಕಿದರೆ ಸುತ್ತಳತೆ ಶೇಕಡಾ 7 ಜಾಸ್ತಿ. ಮೀಟರ್ ಲೆಕ್ಕದಲ್ಲಿ ಆ 7 ಸೇರುವುದಿಲ್ಲ, ನಿಜವಾದ ವೇಗ ಮುಳ್ಳು ತೋರಿಸುವುದಕ್ಕಿಂತ ಮುಂದೆ ಹೋಗಿರುತ್ತದೆ. ಗೇರ್‌ಗಳೆಲ್ಲ ಭಾರ ಆದಂತೆ ಎಳೆತ ಕುಗ್ಗುತ್ತದೆ. ಒಬ್ಬ ಸ್ನೇಹಿತರ 285 ಚಕ್ರವನ್ನು ಹಾಕಿ ನೋಡಿದೆ. ನೇರ ನಿಂತಾಗ ಜಾಗ ಇದ್ದಂತೆ ಕಂಡಿತು, ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದಾಗ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಮತ್ತು ಹಿಂಬದಿಯ ಬಾಡಿ ಮೌಂಟ್ (ಬಾಡಿಯನ್ನು ಚಾಸಿಗೆ ಕೂರಿಸುವ ಭಾಗ) ಎರಡಕ್ಕೂ ಉಜ್ಜಿತು. ರಿಮ್ ಹೊರಗೆ ಚಾಚಿಕೊಂಡಿದ್ದರೆ ಇನ್ನೂ ಬೇಗ ಉಜ್ಜುತ್ತದೆ. ಅದನ್ನು ಕತ್ತರಿಸಿ ಇದನ್ನು ಬಡಿದು ಕೂರಿಸುವ ಮನಸ್ಸು ನನಗಿರಲಿಲ್ಲ.

ಹಾಗಾಗಿ 265/70ಆರ್17. ಸುತ್ತಳತೆಯ ಹೆಚ್ಚಳ ಶೇಕಡಾ 3.4. ಸಾಮಾನ್ಯವಾಗಿ ಮೀಟರ್ ನಿಜಕ್ಕಿಂತ ಚೂರು ಜಾಸ್ತಿಯೇ ತೋರಿಸುವುದರಿಂದ ಈ ವ್ಯತ್ಯಾಸ ಬಹುಪಾಲು ಅಲ್ಲೇ ಹೊಂದಿಕೊಂಡಿತು. ಎಲ್ಲೂ ಉಜ್ಜುವುದಿಲ್ಲ. ಮೈಲೇಜ್ ಸ್ವಲ್ಪ ಇಳಿದಿದೆ, ಚಿಂತೆ ಮಾಡುವಷ್ಟಲ್ಲ. ಲೋಡ್ ಇಂಡೆಕ್ಸ್ ಹಳೆಯದರಲ್ಲಿ 112, ಅಂದರೆ ಒಂದು ಟೈರ್‌ಗೆ 1120 ಕೆ.ಜಿ. ಹೊಸದು 115, 1215 ಕೆ.ಜಿ. ಕಂಪನಿಯ ಸಂಖ್ಯೆಗಿಂತ ಕಡಿಮೆಯದ್ದನ್ನು, ಎಷ್ಟೇ ಚೆನ್ನಾಗಿ ಕಂಡರೂ, ಪಿಕಪ್‌ಗೆ ಹಾಕಬೇಡಿ. 121 ಇರುವ ಎಲ್‌ಟಿ (ಲೈಟ್ ಟ್ರಕ್) ಟೈರ್ ಕೂಡ ಸಿಗುತ್ತಿತ್ತು. ಅದು ಭಾರ, ಗೋಡೆ ಗಡಸು, ಅಷ್ಟೇ ಲೋಡ್ ಹೊರಲು ಗಾಳಿಯೂ ಜಾಸ್ತಿ ಬೇಕು. ಕಲ್ಲುದಾರಿಯಲ್ಲಿ ಲೋಡ್ ಹೊತ್ತು ಹೋಗುವವರಿಗೆ ಅದೇ ಸರಿ. ಬಹುತೇಕ ಖಾಲಿ ಓಡುವ ನನ್ನ ಗಾಡಿಗೆ ಬೇಡ ಅನಿಸಿತು.

ಸ್ಟೆಪ್ನಿ ಮಾತ್ರ ಇನ್ನೂ ಹಳೆಯ ಸೈಜಿನದ್ದೇ ಇದೆ. ಅದನ್ನು ಹಾಕಿಕೊಂಡು ಫೋರ್ ವೀಲ್ ಡ್ರೈವ್ ಬಳಸುವಂತಿಲ್ಲ, ಗೇರ್‌ಗಳ ಮೇಲೆ ಹೊರೆ ಬೀಳುತ್ತದೆ. ಗಾಡಿ ಕೆಳಗೆ ಅದು ಕೂರುವ ಜಾಗ ಅಳೆದು ನೋಡಿದೆ, 803 ಹಿಡಿಸುತ್ತದೆ. ಐದನೆಯ ಟೈರ್ ಮುಂದಿನ ತಿಂಗಳು ತರುತ್ತೇನೆ.